ಎಲ್ಲೀತನ ಬಂತು?

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ, ಕೂಕಟ್‌ಪಲ್ಲಿಯ ಬಾಡಿಗೆ ಮನೆಯಲ್ಲಿ, ಎರಡು ಗಂಟೆಯ ಸುಮಾರಿಗೆ ನನ್ನ ಎದುರಿಗಿದ್ದ ಪರದೆ ಪೂರ್ತಿ ಕಪ್ಪಾಗಿ ನಿಂತುಬಿಟ್ಟಿತು. ಮುಕ್ಕಾಲು ಗಂಟೆ ಕೂತು ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್ಲು ಅದು. ಫ್ಯಾನು ತಿರುಗುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಯಂತ್ರ ನನ್ನದಲ್ಲ, ಒಂದು ಔಷಧ ಕಾರ್ಖಾನೆಗೆ ಹೋಗಬೇಕಾದದ್ದು. ಮಾತ್ರೆಗಳ ಪಟ್ಟಿಗಳು ಬೆಲ್ಟಿನ ಮೇಲೆ ಓಡುತ್ತ ಬರುತ್ತವೆ. ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಯಾವುದಾದರೂ ಪಟ್ಟಿಯಲ್ಲಿ ಒಂದು ಗುಳಿ ಖಾಲಿ ಇದ್ದರೆ, ಇಲ್ಲವೇ ಮಾತ್ರೆ ಮುರಿದಿದ್ದರೆ, ಮುಂದಿನ ಕೊಳವೆಯಿಂದ ಗಾಳಿ ಫಕ್ಕನೆ ಊದಿ ಅದನ್ನು ಆಚೆಗೆ ತಳ್ಳಬೇಕು. ಊದುವುದಕ್ಕೆ ಸಿಗುವ ಸಮಯ ಕೆಲವೇ ಮಿಲಿಸೆಕೆಂಡು. ತಡವಾದರೆ ಒಳ್ಳೆಯ ಪಟ್ಟಿ ಆಚೆ ಬೀಳುತ್ತದೆ, ಕೆಟ್ಟದ್ದು ಡಬ್ಬಿ ಸೇರಿ ಯಾವುದೋ ಊರಿನ ಯಾರದೋ ಕೈಗೆ ಹೋಗುತ್ತದೆ. ಸಾಮಾನ್ಯ ಕರ್ನಲ್ಲಿನಲ್ಲಿ ದಿನವೆಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಎರಡು ಮೂರು ತಾಸಿಗೊಮ್ಮೆ, ಕಾರಣವೇ ಇಲ್ಲದೆ, ಗಾಳಿ ತಡವಾಗಿ ಊದುತ್ತಿತ್ತು. ಅದಕ್ಕೇ ರಿಯಲ್ ಟೈಮ್ ಕರ್ನಲ್ಲನ್ನು ನಾವೇ ಕಂಪೈಲ್ ಮಾಡೋಣ ಎಂದು ಹೊರಟಿದ್ದು. ಸೋಮವಾರ ಯಂತ್ರ ಲಾರಿ ಹತ್ತಬೇಕಿತ್ತು.

ರಿಯಲ್ ಟೈಮ್ ಎಂದರೆ ವೇಗ ಎಂದು ಬಹಳ ಜನ ತಿಳಿಯುತ್ತಾರೆ, ನಾನೂ ಮೊದಲು ಹಾಗೇ ತಿಳಿದಿದ್ದೆ. ಅದು ವೇಗವಲ್ಲ, ಮುಹೂರ್ತ. ತಾಳಿ ಕಟ್ಟುವುದಕ್ಕೆ ಯಾರೂ ಓಡಬೇಕಾಗಿಲ್ಲ, ಆದರೆ ಗಳಿಗೆ ಮೀರಬಾರದು. ಸಾಮಾನ್ಯ ಆಪರೇಟಿಂಗ್ ಸಿಸ್ಟಂ ಊಟದ ಪಂಕ್ತಿಯ ಯಜಮಾನನ ಹಾಗೆ, ಎಲ್ಲರಿಗೂ ಸರಾಸರಿ ಚೆನ್ನಾಗಿ ಬಡಿಸುತ್ತದೆ. ರಿಯಲ್ ಟೈಮಿನದು ಪುರೋಹಿತನ ಕೆಲಸ.

ಭಾನುವಾರ ಬೆಳಿಗ್ಗೆ ನಿದ್ದೆಗಣ್ಣಲ್ಲೇ ಕಾಕಾನಿಗೆ ಫೋನು ಮಾಡಿದೆ. ಕಾಕಾ ಎಂದರೆ ರಾಯಚೂರಿನಲ್ಲಿ ನಮ್ಮಪ್ಪನ ಗೆಳೆಯರು. ಎಪ್ಪತ್ತರ ದಶಕದಲ್ಲಿ ಹೈದರಾಬಾದಿಗೆ ಬಂದು ಇಸಿಐಎಲ್ ಕಾರ್ಖಾನೆ ಸೇರಿ ಅಲ್ಲೇ ನಿವೃತ್ತರಾದವರು. ಅವರಿಗೆ ಲಿನಕ್ಸ್ ಬರುವುದಿಲ್ಲ. ನಾನು ಫೋನು ಮಾಡಿದ್ದು ಊಟಕ್ಕೆ ಬರಲಾಗುವುದಿಲ್ಲ ಎಂದು ಹೇಳಲಿಕ್ಕೆ. ಯಾಕಪ್ಪಾ ಅಂದರು. ಯಂತ್ರ ಬೂಟ್ ಆಗುತ್ತಿಲ್ಲ ಅಂದೆ. ಅವರು ಒಂದೇ ಮಾತು ಕೇಳಿದರು:

“ಎಲ್ಲೀತನ ಬಂತು?”

ಗೊತ್ತಿಲ್ಲ ಅಂದೆ. “ಹಂಗಾದ್ರ ಊಟಕ್ಕ ಬಾ,” ಅಂದರು.

*

ಕಾಕಾನ ಮನೆ ಎ.ಎಸ್. ರಾವ್ ನಗರದಲ್ಲಿದೆ. ಗಚ್ಚಿಬೌಲಿ, ಮಾದಾಪುರಗಳಲ್ಲಿ ದುಡಿಯುವ ನಮ್ಮಲ್ಲಿ ಅನೇಕರು ಆ ಕಡೆ ಹೋಗುವುದೇ ಅಪರೂಪ. ಊರಿನ ಈಶಾನ್ಯದ ಮೂಲೆ, ಮೌಲಾಲಿ ಗುಡ್ಡದಾಚೆ, ಕುಶಾಯಿಗುಡದ ಹತ್ತಿರ. ಬಸ್ಸಿನ ಹಣೆಯ ಮೇಲೆ ಇಸಿಐಎಲ್ ಎಂದು ಬರೆದಿರುತ್ತದೆ. ಅದನ್ನು ಒಂದು ಊರಿನ ಹೆಸರೆಂದೇ ತಿಳಿದು ವರ್ಷಗಟ್ಟಲೆ ಓಡಾಡಿದ ಗೆಳೆಯರು ನನಗೆ ಗೊತ್ತು. ಅದು ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. ಸೈಬರ್ ಟವರ್ಸ್ ಉದ್ಘಾಟನೆಯಾದದ್ದು 1998ರ ನವೆಂಬರಿನಲ್ಲಿ. ಅದಕ್ಕೂ ಮೂರು ದಶಕ ಮೊದಲೇ ಈ ಊರಿನಲ್ಲಿ ಕಂಪ್ಯೂಟರು ತಯಾರಾಗುತ್ತಿತ್ತು. ಬಳಸುವುದಲ್ಲ, ಪ್ರೋಗ್ರಾಮ್ ಬರೆಯುವುದಲ್ಲ, ಬೆಸುಗೆ ಹಾಕಿ ಕಟ್ಟುವುದು.

ಬಡಾವಣೆಗೆ ಹೆಸರು ಕೊಟ್ಟ ಅಯ್ಯಗಾರಿ ಸಾಂಬಶಿವ ರಾವ್ ಗೋದಾವರಿ ಸೀಮೆಯವರು. ಬನಾರಸ್ಸಿನಲ್ಲಿ ಓದಿ, ಸ್ಟ್ಯಾನ್‌ಫರ್ಡಿಗೆ ಹೋಗಿ ಬಂದು, ಹೋಮಿ ಭಾಭಾ ಅವರ ಬಳಗ ಸೇರಿದರು. ಆ ಬಳಗದ ಬೇರು ನಮ್ಮ ಬೆಂಗಳೂರಿನಲ್ಲಿದೆ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಯುದ್ಧದ ವರ್ಷಗಳಲ್ಲಿ ಭಾಭಾ ಇದ್ದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ವಿಶ್ವಕಿರಣಗಳ ಅಧ್ಯಯನಕ್ಕೆ ಅಲ್ಲಿ ಅವರು ಶುರುಮಾಡಿದ ಕೆಲಸವೇ ಮುಂದೆ ಮುಂಬಯಿಗೆ ಹೋಯಿತು. ವಿಶ್ವಕಿರಣ ಎಣಿಸುವವನಿಗೆ ಎಲೆಕ್ಟ್ರಾನಿಕ್ಸ್ ಬೇಕೇ ಬೇಕು. ಕಣ ಬಂದ ಕ್ಷಣದಲ್ಲೇ ಎಣಿಸಬೇಕು, ಸ್ವಲ್ಪ ತಾಳಪ್ಪಾ ಎಂದರೆ ಅದು ಕೇಳುವುದಿಲ್ಲ. ಅಣು ರಿಯಾಕ್ಟರಿನದೂ ಅದೇ ಕಥೆ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೆ ಬಂದಾಗ ಅದರ ನಿಯಂತ್ರಣದ ಎಲೆಕ್ಟ್ರಾನಿಕ್ಸ್ ರಾವ್ ಅವರ ತಂಡದ ಕೈಕೆಲಸವಾಗಿತ್ತು. ಅಂದರೆ ನಮ್ಮಲ್ಲಿ ರಿಯಲ್ ಟೈಮ್ ಎನ್ನುವ ಅಗತ್ಯ ಬ್ಯಾಂಕಿನಿಂದಲೋ ದೂರವಾಣಿಯಿಂದಲೋ ಬಂದದ್ದಲ್ಲ, ರಿಯಾಕ್ಟರಿನ ಹೊಟ್ಟೆಯಿಂದ ಬಂದದ್ದು.

ಚೀನಾ ಯುದ್ಧದ ಸೋಲಿನ ನಂತರ, 1963ರಲ್ಲಿ, ದೇಶಕ್ಕೆ ಎಂಥ ಎಲೆಕ್ಟ್ರಾನಿಕ್ಸ್ ಬೇಕು ಎಂದು ಹೇಳಲು ಭಾಭಾ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ವರದಿ ಹೊರಬಂದದ್ದು 1966ರ ಫೆಬ್ರವರಿಯಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, ಜನವರಿ 24ರಂದು, ಭಾಭಾ ಇದ್ದ ವಿಮಾನ ಮಾಂಟ್ ಬ್ಲಾಂಕ್ ಬೆಟ್ಟಕ್ಕೆ ಬಡಿದಿತ್ತು. ಮರುವರ್ಷ, 1967ರ ಏಪ್ರಿಲ್ 11ರಂದು, ಅಣುಶಕ್ತಿ ಇಲಾಖೆಯ ಕೆಳಗೆ ಇಸಿಐಎಲ್ ಹುಟ್ಟಿತು. ಟ್ರಾಂಬೆಯಲ್ಲಿ ಉಪಕರಣ ಕಟ್ಟುತ್ತಿದ್ದ ಘಟಕವೇ ಹೈದರಾಬಾದಿಗೆ ಬಂದು ಕಾರ್ಖಾನೆಯಾಯಿತು. ರಾವ್ ಅದರ ಮೊದಲ ಮುಖ್ಯಸ್ಥರು.

ಅಲ್ಲಿಂದ 1969ರಲ್ಲಿ ಬಂದ ಯಂತ್ರದ ಹೆಸರು ಟಿಡಿಸಿ-12. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, ಹನ್ನೆರಡು ಬಿಟ್ಟಿನದು. ವಿನ್ಯಾಸ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ್ದು, ತಯಾರಿಕೆ ಹೈದರಾಬಾದಿನದು. ಇದಕ್ಕೆ ಮೊದಲು ನಮ್ಮಲ್ಲಿ ಕಂಪ್ಯೂಟರು ಕಟ್ಟಿರಲಿಲ್ಲ ಎಂದಲ್ಲ. ಟಾಟಾ ಸಂಸ್ಥೆಯ ಟಿಫ್ರಾಕ್ 1960ರಲ್ಲೇ ಕೆಲಸ ಶುರುಮಾಡಿತ್ತು. ಆದರೆ ಅದು ಒಂಟಿ ಆನೆ. ಮಾರುವುದಕ್ಕೆಂದೇ ಒಂದರ ಹಿಂದೊಂದು ಕಟ್ಟಿದ್ದು ಟಿಡಿಸಿ-12. ಅದು ಲೆಕ್ಕ ಮಾಡುವ ಯಂತ್ರಕ್ಕಿಂತ ಹೆಚ್ಚಾಗಿ ಕಾಯುವ ಯಂತ್ರ. ಪ್ರಯೋಗಶಾಲೆಯ ಉಪಕರಣದ ತಂತಿ ಹಿಡಿದುಕೊಂಡು, ಅದು ಮಿಡಿದ ತಕ್ಷಣ ಪ್ರತಿಕ್ರಿಯಿಸುವುದಕ್ಕೆ ರೂಪಿಸಿದ್ದು. ಔಷಧದ ಪಟ್ಟಿ ಕಾಯುವ ನನ್ನ ಯಂತ್ರ ಅದರ ಮೊಮ್ಮಗ ಎನ್ನಬಹುದು.

*

ಆ ಪೀಳಿಗೆಯ ಯಂತ್ರಗಳನ್ನು ಎಬ್ಬಿಸುತ್ತಿದ್ದದ್ದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಊಟದ ನಂತರ ಕಾಕಾ ಎಲೆಯಡಿಕೆ ಹಾಕಿಕೊಂಡು ಮೇಜಿನ ಮೇಲೆ ಬೆರಳಾಡಿಸಿ ತೋರಿಸಿದ್ದನ್ನು ನಾನು ಆಮೇಲೆ ಓದಿ ತಾಳೆ ನೋಡಿದ್ದೇನೆ.

ಹನ್ನೆರಡು ಬಿಟ್ಟಿನ ಯಂತ್ರಗಳಲ್ಲಿ ಪ್ರಪಂಚಕ್ಕೆಲ್ಲ ಗೊತ್ತಿರುವುದು ಅಮೆರಿಕದ ಡಿಜಿಟಲ್ ಕಂಪನಿಯ ಪಿಡಿಪಿ-8. ಅದು 1965ರಲ್ಲಿ ಬಂತು. ಸಾಧಾರಣವಾಗಿ 4096 ಪದಗಳ ನೆನಪು, ಪದವೊಂದಕ್ಕೆ ಹನ್ನೆರಡು ಬಿಟ್ಟು. ವಿದ್ಯುತ್ ಕೊಟ್ಟರೆ ಅದು ಏನೂ ಮಾಡುವುದಿಲ್ಲ. ಮಾಡುವುದು ಏನು ಎನ್ನುವುದೇ ಅದಕ್ಕೆ ಗೊತ್ತಿಲ್ಲ. ಮುಂಭಾಗದಲ್ಲಿ ಸಾಲಾಗಿ ಹನ್ನೆರಡು ಸ್ವಿಚ್ಚು, ಮೇಲೆ ಸಾಲುಸಾಲು ದೀಪ. ಪ್ರೋಗ್ರಾಮು ಇರುವುದು ಕಾಗದದ ಪಟ್ಟಿಯಲ್ಲಿ, ತೂತುಗಳಾಗಿ. ಪಟ್ಟಿ ಓದಬೇಕಾದರೆ ಓದುವ ಪ್ರೋಗ್ರಾಮು ಬೇಕು. ಆ ಪ್ರೋಗ್ರಾಮು ಎಲ್ಲಿದೆ? ಅದೂ ಪಟ್ಟಿಯಲ್ಲೇ ಇದೆ. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ಗಂಟು ಬಿಡಿಸುವುದು ಮನುಷ್ಯನ ಬೆರಳು. ಪಟ್ಟಿಯಿಂದ ಒಂದೊಂದೇ ಅಕ್ಷರ ಓದಿ ನೆನಪಿಗೆ ಹಾಕುವ, ಹದಿನೇಳು ಪದಗಳಲ್ಲಿ ಮುಗಿಯುವ ಒಂದು ಪುಟ್ಟ ಪ್ರೋಗ್ರಾಮನ್ನು ಸ್ವಿಚ್ಚುಗಳಿಂದ ಕೈಯಾರೆ ತುಂಬಬೇಕು. ಎಂಟರ ಲೆಕ್ಕದಲ್ಲಿ 7756ನೇ ಮನೆಯಿಂದ ಶುರು, ಅಂದರೆ ನೆನಪಿನ ತೀರಾ ತುದಿ. ಬೇರೆ ಪ್ರೋಗ್ರಾಮುಗಳು ತುಳಿಯದಿರಲಿ ಎಂದು ಆ ಮೂಲೆ. ಮೊದಲ ಪದ 6032. ಸ್ವಿಚ್ಚುಗಳನ್ನು ಮೂರು ಮೂರಾಗಿ ಕಾಣಬೇಕು: ಆರಕ್ಕೆ ಮೇಲೆ ಮೇಲೆ ಕೆಳಗೆ, ಸೊನ್ನೆಗೆ ಮೂರೂ ಕೆಳಗೆ, ಮೂರಕ್ಕೆ ಕೆಳಗೆ ಮೇಲೆ ಮೇಲೆ, ಎರಡಕ್ಕೆ ಕೆಳಗೆ ಮೇಲೆ ಕೆಳಗೆ. ಡಿಪಾಸಿಟ್ ಒತ್ತು. ಮುಂದಿನದು. ಹದಿನೇಳೂ ಆದ ಮೇಲೆ ಸ್ಟಾರ್ಟ್. ಟೆಲಿಟೈಪು ಕಟಕಟ ಎಂದು ಸೆಕೆಂಡಿಗೆ ಹತ್ತು ಅಕ್ಷರದಂತೆ ಪಟ್ಟಿ ನುಂಗುತ್ತದೆ. ಈ ಪುಟ್ಟದ್ದು ಕರೆತರುವುದು ಇನ್ನೂ ಸ್ವಲ್ಪ ದೊಡ್ಡ ಲೋಡರನ್ನು, ಆ ದೊಡ್ಡದ್ದು ಕರೆತರುವುದು ನಿಜವಾದ ಪ್ರೋಗ್ರಾಮನ್ನು.

ತನ್ನ ಬೂಟಿನ ಹಿಂಭಾಗದ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವುದು ಎನ್ನುವ ಅಮೆರಿಕನ್ನರ ಕುಚೋದ್ಯದಿಂದಲೇ ಬೂಟ್‌ಸ್ಟ್ರಾಪ್, ಅದರಿಂದಲೇ ಬೂಟ್. ಐಬಿಎಮ್ 701 ಯಂತ್ರದ ಬಗ್ಗೆ 1953ರಲ್ಲಿ ಬಂದ ಲೇಖನದಲ್ಲೇ ಈ ಮಾತು ಈ ಅರ್ಥದಲ್ಲಿ ಸಿಗುತ್ತದೆ. ರಾಯಚೂರಿನಲ್ಲಿ ನನ್ನ ಕಂಪ್ಯೂಟರ್ ಕ್ಲಾಸಿನ ಮೊದಲ ದಿನ ಮೇಷ್ಟ್ರು “ಬೂಟಿಂಗ್” ಎಂದಾಗ, ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು. ಅಷ್ಟೇನೂ ತಪ್ಪು ಅರ್ಥವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕೈಯಿಂದ ತುಂಬುವಾಗ ಒಂದು ಸ್ವಿಚ್ಚು ತಪ್ಪಿದರೆ? ಪಟ್ಟಿ ಓಡುತ್ತದೆ, ಏನೂ ಆಗುವುದಿಲ್ಲ. ಇಲ್ಲವೇ ಪಟ್ಟಿ ಓಡುವುದೇ ಇಲ್ಲ. ಇಲ್ಲವೇ ಅರ್ಧ ಓಡಿ ನಿಲ್ಲುತ್ತದೆ. ಆಗ ದೀಪಗಳನ್ನು ಓದಬೇಕು. ಯಂತ್ರ ನಿಂತ ಮನೆಯ ಸಂಖ್ಯೆ ಅಲ್ಲೇ ಉರಿಯುತ್ತಿರುತ್ತದೆ. ಆ ಸಂಖ್ಯೆ ನೋಡಿದರೆ ಎಷ್ಟನೇ ಪದದಲ್ಲಿ ಎಡವಿದೆ ಎಂದು ಹೇಳಬಹುದು. ನೆನಪು ಕಾಂತದ ಉಂಗುರಗಳದ್ದು, ವಿದ್ಯುತ್ ಹೋದರೂ ಅಳಿಯುವುದಿಲ್ಲ, ಹಾಗಾಗಿ ಒಂದೊಂದೇ ಮನೆ ತೆರೆದು ಬರೆದಿಟ್ಟ ಕಾಗದದೊಂದಿಗೆ ಹೋಲಿಸಬಹುದು. ಎಲ್ಲೀತನ ಬಂತು ಎಂದು ಕಾಕಾ ಕೇಳಿದ್ದು ಗಾದೆಯ ಮಾತಲ್ಲ. ಅವರ ಕಾಲದಲ್ಲಿ ಆ ಪ್ರಶ್ನೆಗೆ ಒಂದು ಸಂಖ್ಯೆ ಉತ್ತರವಾಗಿ ಬರುತ್ತಿತ್ತು.

*

ಟಿಡಿಸಿ-312, ಅದರ ಹಿಂದೆಯೇ ಹದಿನಾರು ಬಿಟ್ಟಿನ ಟಿಡಿಸಿ-316, ಎಪ್ಪತ್ತರ ದಶಕದ ನಡುವಿನಲ್ಲಿ ಬಂದವು. ವಾಯುಪಡೆಯ ನೆಲಮಟ್ಟದ ರಕ್ಷಣಾ ಜಾಲಕ್ಕೂ 316 ಹೋಯಿತು. ಆಕಾಶದಲ್ಲಿ ಬರುತ್ತಿರುವುದನ್ನು ಗುರುತಿಸುವ ಕೆಲಸ, ಮತ್ತೆ ಮುಹೂರ್ತದ ಕೆಲಸವೇ. 1978ರಲ್ಲಿ ಐಬಿಎಮ್ ಭಾರತ ಬಿಟ್ಟಿತು, ವಿದೇಶಿ ಪಾಲು ಇಳಿಸಿ ಎಂದ ಸರ್ಕಾರಕ್ಕೆ ಒಪ್ಪದೆ. ಇನ್ನು ನಮ್ಮದೇ ಕಾಲ ಎಂದು ಹೈದರಾಬಾದಿನಲ್ಲಿ ಅನ್ನಿಸಿರಬೇಕು. ಆಗಲಿಲ್ಲ. ಅಷ್ಟರಲ್ಲಿ ಮೈಕ್ರೊಪ್ರೊಸೆಸರ್ ಬಂದಿತ್ತು, ಖಾಸಗಿ ಕಂಪನಿಗಳು ಅದನ್ನು ಹಿಡಿದು ಅಗ್ಗದ ಯಂತ್ರ ಕಟ್ಟತೊಡಗಿದವು. ಸರ್ಕಾರಿ ಕಾರ್ಖಾನೆ ತಾನೇ ಎಲ್ಲವನ್ನೂ ಬುಡದಿಂದ ಕಟ್ಟುತ್ತೇನೆ ಎಂದು ಹಿಡಿದ ಹಟ ಅದರ ಹೆಮ್ಮೆಯೂ ಆಗಿತ್ತು, ನಿಧಾನಕ್ಕೆ ಕಾರಣವೂ ಆಗಿತ್ತು. ಯಾವುದು ಎಷ್ಟು ಎಂದು ತೂಗುವವರು ತೂಗಲಿ. ನನಗಂತೂ ಆ ಹಟದ ಬಗ್ಗೆ ಮೃದು ಭಾವನೆ ಇದೆ.

ನಮ್ಮ ಮನೆಗಳಿಗೆ ಇಸಿಐಎಲ್ ಬಂದದ್ದು ಬೇರೆ ದಾರಿಯಲ್ಲಿ. ಕಲಬುರ್ಗಿ, ರಾಯಚೂರು, ಬೀದರಿನ ಮಧ್ಯಮವರ್ಗದ ಮನೆಗಳಲ್ಲಿ ಇಸಿ ಟಿವಿ ಇತ್ತಲ್ಲ, ಅದು ಇವರದೇ. ಇನ್ನೊಂದು ಮತಯಂತ್ರ. ಅದನ್ನು ತಯಾರಿಸುವ ಕಾರ್ಖಾನೆಗಳು ಎರಡೇ, ಹೈದರಾಬಾದಿನ ಇಸಿಐಎಲ್ ಮತ್ತು ಬೆಂಗಳೂರಿನ ಬಿಇಎಲ್. 1956ರ ನವೆಂಬರ್ 1ರವರೆಗೂ ನಮ್ಮ ಮೂರು ಜಿಲ್ಲೆಗಳಿಗೆ ರಾಜಧಾನಿ ಹೈದರಾಬಾದೇ ಆಗಿತ್ತು ಎಂದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸಭೆಗಳಲ್ಲಿ ಹಿರಿಯರು ನೆನಪಿಸುತ್ತಿರುತ್ತಾರೆ. ವಲಸೆ ಬಂದೆವು ಎಂದು ನಾವು ಅಂದುಕೊಳ್ಳುವುದು ಅವರಿಗೆ ಸ್ವಲ್ಪ ನಗೆ ತರಿಸುತ್ತದೆ.

*

ಬೆರಳಿನ ಕೆಲಸ ತಪ್ಪಿಸಿದ್ದು ರಾಮ್. ಅದು ಆರ್‌ಒಎಮ್, ದೇವರಲ್ಲ. ಮೊದಲ ಪ್ರೋಗ್ರಾಮನ್ನು ಚಿಪ್ಪಿನಲ್ಲೇ ಶಾಶ್ವತವಾಗಿ ಕೆತ್ತಿಟ್ಟರು, ಸ್ವಿಚ್ಚುಗಳ ಫಲಕ ಮಾಯವಾಯಿತು, ಅದರ ಜೊತೆ ದೀಪಗಳೂ ಹೋದವು. 1981ರ ಐಬಿಎಮ್ ಪಿಸಿಯಲ್ಲಿ ಬಯಾಸ್ ಎದ್ದು, ತನ್ನ ಕೈಕಾಲು ಮುಟ್ಟಿ ನೋಡಿಕೊಂಡು, ಒಂದು ಬೀಪು ಮಾಡಿ, ಡಿಸ್ಕಿನ ಮೊದಲ ತುಣುಕನ್ನು ಕರೆಯುತ್ತಿತ್ತು. ಆ ತುಣುಕಿನ ಅಳತೆ 512 ಬೈಟು. ಹಾರ್ಡ್ ಡಿಸ್ಕಿನಲ್ಲಿ ವಿಭಾಗಗಳ ಪಟ್ಟಿಯನ್ನೂ ಕೊನೆಯ ಗುರುತನ್ನೂ ಕಳೆದರೆ ಪ್ರೋಗ್ರಾಮಿಗೆ ಉಳಿಯುವುದು 446. ಅಷ್ಟರಲ್ಲೇ ಸಂಸಾರ.

ಆ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಲಿಲೋ, ಲಿನಕ್ಸಿನ ಹಳೆಯ ಬೂಟ್ ಲೋಡರು, ವರ್ನರ್ ಆಲ್ಮ್ಸ್‌ಬರ್ಗರ್ ಬರೆದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡವರಿಗೆ ಅದರ ನೆನಪಿರುತ್ತದೆ. ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಿಂದ ತಂದ ಬಿಡಿಭಾಗಗಳ ಯಂತ್ರದಲ್ಲಿ, ನಮ್ಮ ಅಣ್ಣಂದಿರು ಕರ್ನಲ್ ಕಂಪೈಲ್ ಮಾಡಿ ಕೈ ಸುಟ್ಟುಕೊಂಡ ಕಾಲ ಅದು. ಲಿಲೋಗೆ ಫೈಲು ಎಂದರೆ ಏನೆಂದು ಗೊತ್ತಿರಲಿಲ್ಲ. ಕರ್ನಲ್ಲು ಡಿಸ್ಕಿನ ಯಾವ ಯಾವ ತುಣುಕಿನಲ್ಲಿದೆ ಎಂದು ಅಂಕಿಗಳ ಪಟ್ಟಿ ಇಟ್ಟುಕೊಳ್ಳುತ್ತಿತ್ತು ಅಷ್ಟೆ. ಹೊಸ ಕರ್ನಲ್ಲು ಹಾಕಿ ಲಿಲೋ ಆಜ್ಞೆಯನ್ನು ಇನ್ನೊಮ್ಮೆ ಓಡಿಸಲು ಮರೆತರೆ ಅದು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿತ್ತು. ಅಲ್ಲಿ ಬೇರೆ ಯಾರೋ ಸಂಸಾರ ಹೂಡಿರುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಲಿಲೋ ಕಾಕಾನ ಕಾಲದ್ದೇ. ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು, ಎಲ್, ಐ, ಎಲ್, ಒ ಎಂದು, ಒಂದೊಂದು ಮೆಟ್ಟಿಲು ದಾಟಿದಾಗ ಒಂದೊಂದರಂತೆ ಮುದ್ರಿಸುತ್ತಿತ್ತು. ಎಲ್ ಮಾತ್ರ ಬಂದು ಹಿಂದೆ ಅಂಕಿಗಳು ಬಂದರೆ ಡಿಸ್ಕು ಓದಲು ಆಗಿಲ್ಲ. ಎಲ್ಐ ತನಕ ಬಂದು ನಿಂತರೆ ಎರಡನೆಯ ಹಂತ ಸಿಕ್ಕಿದೆ, ಓಡುತ್ತಿಲ್ಲ. ಎಲ್ಐಎಲ್ ಆದರೆ ಅಂಕಿಗಳ ಪಟ್ಟಿ ಓದಲಾಗಿಲ್ಲ. ಪೂರ್ತಿ ಹೆಸರು ಬಂದರೆ ಗೆದ್ದ ಹಾಗೆ. 446 ಬೈಟಿನಲ್ಲಿ ಒಂದು ವಾಕ್ಯ ಬರೆಯಲು ಜಾಗವಿಲ್ಲದಾಗ ಹೆಸರನ್ನೇ ಮೈಲಿಗಲ್ಲು ಮಾಡಿದ ಈ ಉಪಾಯ ನನಗೆ ಇಂದಿಗೂ ಬಲು ಇಷ್ಟ. ಆಮೇಲೆ ಬಂದ ಗ್ರಬ್ ಫೈಲುಗಳನ್ನು ತಾನೇ ಓದಬಲ್ಲದು, ಮೆನು ತೋರಿಸುತ್ತದೆ, ಸೌಕರ್ಯ ಹೆಚ್ಚು. ಅದರ ಹಿಂದೆಯೇ ಬಂದವರು ಪರದೆಯ ಮೇಲೆ ಒಂದು ಲಾಂಛನ ತಿರುಗಿಸಿ, ಬೂಟ್ ಸಂದೇಶಗಳನ್ನೆಲ್ಲ ಅದರ ಹಿಂದೆ ಅಡಗಿಸಿಟ್ಟರು. ನೋಡುವವರಿಗೆ ಗಾಬರಿಯಾಗಬಾರದಂತೆ.

*

ಲಿನಕ್ಸಿಗೆ ಮುಹೂರ್ತ ಕಲಿಸುವ ಪ್ರಯತ್ನ ತೊಂಬತ್ತರ ದಶಕದಲ್ಲೇ ಶುರುವಾಯಿತು. ನ್ಯೂ ಮೆಕ್ಸಿಕೋದ ವಿಕ್ಟರ್ ಯೊಡೈಕನ್ ಮತ್ತು ಅವರ ವಿದ್ಯಾರ್ಥಿ ಮೈಕಲ್ ಬರಬನೊವ್ ಒಂದು ಪುಟ್ಟ ರಿಯಲ್ ಟೈಮ್ ಕರ್ನಲ್ಲನ್ನು ಕೆಳಗಿಟ್ಟು, ಇಡೀ ಲಿನಕ್ಸನ್ನು ಅದರ ಮೇಲಿನ ಒಂದು ಕೊನೆಯ ದರ್ಜೆಯ ಕೆಲಸವನ್ನಾಗಿ ಮಾಡಿದರು. ಆರ್‌ಟಿ ಲಿನಕ್ಸ್ ಎಂದು ಹೆಸರು. ಇಟಲಿಯ ಮಿಲಾನಿನಲ್ಲಿ ಪಾವೊಲೊ ಮಾಂತೆಗಾಜ್ಜಾ ಅವರ ತಂಡ ಅದೇ ಬಗೆಯ ಇನ್ನೊಂದನ್ನು ಕಟ್ಟಿತು. ಯೊಡೈಕನ್ ಪೇಟೆಂಟ್ ತೆಗೆದುಕೊಂಡರು, ಜಗಳವಾಯಿತು.

ಮುಹೂರ್ತ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಆಗಲೇ ಒಂದು ದೊಡ್ಡ ಪಾಠ ಸಿಕ್ಕಿತ್ತು. 1997ರ ಜುಲೈ 4ರಂದು ಮಂಗಳ ಗ್ರಹಕ್ಕಿಳಿದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರು ಕೆಲವು ದಿನಗಳಲ್ಲೇ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ಅದರಲ್ಲಿದ್ದದ್ದು ವಿಎಕ್ಸ್ ವರ್ಕ್ಸ್ ಎಂಬ ರಿಯಲ್ ಟೈಮ್ ಸಿಸ್ಟಂ. ಊರಿನ ಗೌಡ ಬಾವಿಗೆ ಬರುತ್ತಾನೆ ಎಂದುಕೊಳ್ಳಿ. ಹಗ್ಗ ಒಬ್ಬ ಕೂಲಿ ಹುಡುಗನ ಕೈಯಲ್ಲಿದೆ. ಕೊಟ್ಟುಬಿಡುತ್ತಿದ್ದ, ಆದರೆ ದಾರಿಯಲ್ಲಿ ಶಾನುಭೋಗ ಅವನನ್ನು ನಿಲ್ಲಿಸಿ ಮಾತಿಗೆಳೆದಿದ್ದಾನೆ. ಶಾನುಭೋಗನಿಗೆ ಹಗ್ಗ ಬೇಡ, ಹುಡುಗನಿಗೆ ಅವನನ್ನು ಮೀರುವ ಧೈರ್ಯವಿಲ್ಲ, ಗೌಡ ಬಾಯಾರಿ ಕಾಯುತ್ತಾನೆ. ಮಂಗಳದಲ್ಲಿ ನಡೆದದ್ದು ಇದೇ. ಗೌಡನ ಕೆಲಸ ಗಡುವಿನೊಳಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ, ಏನೋ ಕೆಟ್ಟಿದೆ ಎಂದು ಎಲ್ಲವನ್ನೂ ಆರಿಸಿ ಹೊತ್ತಿಸುತ್ತಿತ್ತು. ಭೂಮಿಯ ಮೇಲಿದ್ದ ಅದೇ ತರಹದ ಯಂತ್ರದಲ್ಲಿ ಎಂಜಿನಿಯರುಗಳು ತೊಂದರೆಯನ್ನು ಮರುಕಳಿಸಿ ನೋಡಿ ಕಾರಣ ಹಿಡಿದರು. ಹಗ್ಗ ಕೈಯಲ್ಲಿರುವಷ್ಟು ಹೊತ್ತು ಹುಡುಗನಿಗೂ ಗೌಡನ ದರ್ಜೆ ಕೊಡುವುದು, ಇದು ಪರಿಹಾರ. ಆ ಸೌಲಭ್ಯ ಸಿಸ್ಟಮಿನಲ್ಲೇ ಇತ್ತು, ಆ ಜಾಗದಲ್ಲಿ ಚಾಲೂ ಮಾಡಿರಲಿಲ್ಲ. ಮಂಗಳಕ್ಕೆ ಸಂದೇಶ ಕಳಿಸಿ ಚಾಲೂ ಮಾಡಿದರು.

ಲಿನಕ್ಸಿನಲ್ಲಿ ಇದನ್ನೇ ಬುಡದಿಂದ ಮಾಡಲು ಹೊರಟವರು ಇಂಗೊ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮತ್ತು ಗೆಳೆಯರು, 2004ರ ಆಸುಪಾಸಿನಲ್ಲಿ. ಪ್ರಿಎಂಪ್ಟ್ ಆರ್‌ಟಿ ಎಂದು ಅದರ ಹೆಸರು. ಕೆಳಗೆ ಇನ್ನೊಂದು ಕರ್ನಲ್ಲು ಬೇಡ, ಇರುವ ಕರ್ನಲ್ಲಿನೊಳಗೇ ಬೀಗ ಹಾಕಿಕೊಂಡು ಕೂರುವ ಜಾಗಗಳನ್ನೆಲ್ಲ ಹುಡುಕಿ, ಗೌಡ ಬಂದಾಗ ಎದ್ದು ದಾರಿ ಬಿಡುವಂತೆ ತಿದ್ದುವುದು. ತೇಪೆಯ ರೂಪದಲ್ಲಿ ಹೊರಗೇ ಇದ್ದು, ತುಂಡುತುಂಡಾಗಿ ಒಳಗೆ ಸೇರುತ್ತ, ಪೂರ್ತಿ ಸೇರಲು ಇಪ್ಪತ್ತು ವರ್ಷ ಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಗ್ಲೈಕ್ಸ್‌ನರ್ ಕೊನೆಯ ಕೋರಿಕೆಯನ್ನು ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದಲ್ಲಿ ಸುತ್ತಿ, ಲಿನಸ್ ಟೊರ್ವಾಲ್ಡ್ಸ್ ಕೈಗೇ ಕೊಟ್ಟರು. ಅದೇ ನವೆಂಬರ್ 17ರಂದು ಬಂದ 6.12ನೇ ಕರ್ನಲ್ಲಿನಲ್ಲಿ ಅದು ಮನೆಯ ಮಗಳಾಗಿತ್ತು.

ಕೊನೆಯ ತನಕ ಅಡ್ಡ ನಿಂತದ್ದು ಯಾವುದು ಗೊತ್ತೇ? ಪ್ರಿಂಟ್‌ಕೆ. ಕರ್ನಲ್ಲು ತನ್ನ ಸಂದೇಶಗಳನ್ನು ಪರದೆಗೆ, ಸೀರಿಯಲ್ ತಂತಿಗೆ ಬರೆಯುವ ಸಾಮಾನ್ಯ ಕೆಲಸ. ಸೀರಿಯಲ್ ತಂತಿಯಲ್ಲಿ ಸೆಕೆಂಡಿಗೆ 1,15,200 ಬಿಟ್ಟಿನ ವೇಗದಲ್ಲೂ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡು. ಎಂಬತ್ತು ಅಕ್ಷರದ ಒಂದು ಸಾಲಿಗೆ ಏಳು ಮಿಲಿಸೆಕೆಂಡು. ಅಷ್ಟು ಹೊತ್ತು ಬೇರೆಯವರನ್ನು ಕಾಯಿಸಿದರೆ ನನ್ನ ಮಾತ್ರೆ ಪಟ್ಟಿ ದಾಟಿ ಹೋಗಿರುತ್ತದೆ. ಹಾಗೆಂದು ಆಮೇಲೆ ಬರೆದುಕೊಳ್ಳುತ್ತೇನೆ ಎಂದು ಮುಂದೂಡಿದರೆ, ಯಂತ್ರ ಸಾಯುವ ಗಳಿಗೆಯಲ್ಲಿ ಹೇಳಬೇಕಾದ ಕೊನೆಯ ಮಾತು ಗಂಟಲಲ್ಲೇ ಉಳಿಯುತ್ತದೆ. ಬದುಕಿರುವಾಗ ತಡೆಯಬಾರದು, ಸಾಯುವಾಗ ಹೇಳದೆ ಹೋಗಬಾರದು. ಎರಡನ್ನೂ ಹೊಂದಿಸಲು ಜಾನ್ ಓಗ್ನೆಸ್ ಮತ್ತಿತರರು ವರ್ಷಗಟ್ಟಲೆ ದುಡಿದರು. ಎಲ್ಲೀತನ ಬಂತು ಎನ್ನುವುದಕ್ಕೆ ಉತ್ತರ ಕೊಡುವ ಹಕ್ಕನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ.

*

ಸಂಜೆ ಕೂಕಟ್‌ಪಲ್ಲಿಗೆ ಮರಳಿ, ಕಾಕಾನ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ ಪಕ್ಕಕ್ಕಿಟ್ಟು, ಯಂತ್ರದ ಮುಂದೆ ಕೂತೆ. ಗ್ರಬ್ ಮೆನುವಿನಲ್ಲಿ ಇ ಒತ್ತಿ ಕರ್ನಲ್ಲಿನ ಸಾಲಿನಿಂದ ಎರಡು ಪದ ಅಳಿಸಿದೆ, ಕ್ವಯಟ್ ಮತ್ತು ಸ್ಪ್ಲಾಶ್. ಸುಮ್ಮನಿರು ಎಂದು ಯಂತ್ರದ ಬಾಯಿ ಮುಚ್ಚಿದ್ದು, ಅದರ ಮುಖಕ್ಕೆ ಚಿತ್ರ ಅಂಟಿಸಿದ್ದು, ಎರಡೂ ಹೋದವು. ಈ ಸಲ ಸಾಲುಗಳು ಹರಿದು ಬಂದವು. ಪ್ರೊಸೆಸರು, ನೆನಪು, ಯುಎಸ್‌ಬಿ ಎಲ್ಲ ದಾಟಿ ಕೊನೆಗೆ ನಿಂತದ್ದು ಹೀಗೆ: ಕರ್ನಲ್ ಪ್ಯಾನಿಕ್, ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡಲಾಗದು, ಅನ್‌ನೋನ್ ಬ್ಲಾಕ್, ಆವರಣದಲ್ಲಿ ಸೊನ್ನೆ ಕಾಮಾ ಸೊನ್ನೆ.

ಆ ಎರಡು ಸೊನ್ನೆಗಳು ಟಿಡಿಸಿಯ ದೀಪಗಳಿದ್ದ ಹಾಗೆ. ಅಲ್ಲಿ 8,1 ಎಂದೋ 259,2 ಎಂದೋ ಇದ್ದರೆ ಡಿಸ್ಕು ಸಿಕ್ಕಿದೆ, ಅದರ ಮೇಲಿನ ಬರಹ ಓದಲು ಬರುತ್ತಿಲ್ಲ ಎಂದರ್ಥ. ಸೊನ್ನೆ ಸೊನ್ನೆ ಎಂದರೆ ಡಿಸ್ಕೇ ಕಂಡಿಲ್ಲ. ನನ್ನ ಕರ್ನಲ್ಲಿನಲ್ಲಿ ಡಿಸ್ಕಿನ ಚಾಲಕ ಮಾಡ್ಯೂಲಾಗಿ ಹೊರಗಿತ್ತು. ಅದನ್ನು ಹೊತ್ತು ತರಬೇಕಾದದ್ದು ಇನಿಟ್‌ರಾಮ್‌ಎಫ್‌ಎಸ್ ಎಂಬ ಬುತ್ತಿ ಗಂಟು. ಕೀಲಿ ಮತ್ತೆ ಪೆಟ್ಟಿಗೆಯೊಳಗೇ. ಹಳೆಯ ಕರ್ನಲ್ಲಿನಿಂದ ಎಬ್ಬಿಸಿ ಬೂಟ್ ವಿಭಾಗ ನೋಡಿದರೆ ಅದು ಕಂಠಪೂರ್ತಿ ತುಂಬಿತ್ತು. ಡೀಬಗ್ ಗುರುತುಗಳನ್ನು ತೆಗೆಯದೆ ಮಾಡ್ಯೂಲುಗಳನ್ನು ಹಾಕಿದ್ದೆ. ಬುತ್ತಿ ಎಷ್ಟೋ ಪಟ್ಟು ಊದಿಕೊಂಡು, ಜಾಗ ಸಾಲದೆ, ತಯಾರಾಗುವುದೇ ಅರ್ಧಕ್ಕೆ ನಿಂತಿತ್ತು. ಹಾಗೆಂದು ಆ ಆಜ್ಞೆ ಶನಿವಾರ ರಾತ್ರಿ ನನಗೆ ಹೇಳಿಯೂ ಇತ್ತು, ಕಂಪೈಲಿನ ಸಾವಿರಾರು ಸಾಲುಗಳ ನಡುವೆ ಒಂದು ಸಾಲಿನಲ್ಲಿ. ನಾನು ಆಗ ಚಹಾ ಮಾಡುತ್ತಿದ್ದೆ.

ಗುರುತುಗಳನ್ನು ಕಿತ್ತು ಮಾಡ್ಯೂಲುಗಳನ್ನು ಮತ್ತೆ ಹಾಕಿದೆ, ಎರಡು ಹಳೆಯ ಕರ್ನಲ್ಲು ತೆಗೆದೆ, ಬುತ್ತಿ ಕಟ್ಟಿದೆ, ಗ್ರಬ್ ಪಟ್ಟಿ ಹೊಸದು ಮಾಡಿದೆ. ರಾತ್ರಿ ಹತ್ತೂವರೆಗೆ ಲಾಗಿನ್ ಬಂತು. ಸೈಕ್ಲಿಕ್ ಟೆಸ್ಟನ್ನು ರಾತ್ರಿಯಿಡೀ ಓಡಲು ಬಿಟ್ಟು, ರೊಟ್ಟಿ ತಿಂದು ಮಲಗಿದೆ. ಬೆಳಿಗ್ಗೆ ಆರಕ್ಕೆ ನೋಡಿದಾಗ ಅತಿ ದೊಡ್ಡ ವಿಳಂಬ 61 ಮೈಕ್ರೊಸೆಕೆಂಡು. ಕಾಕಾನಿಗೆ ಆ ಸಂಖ್ಯೆಯನ್ನು ವಾಟ್ಸ್ಯಾಪಿನಲ್ಲಿ ಕಳಿಸಿದೆ. ಒಂದು ತಾಸು ಬಿಟ್ಟು ಉತ್ತರ ಬಂತು: ಡಬ್ಬಿ ವಾಪಸ್ ತಗೊಂಡು ಬಾ.